ಎ, ಡಿ, ಇ: ಒಂದೇ ಪಟ್ಟಿ ಎರಡು ಕಡೆ ಯಾಕೆ ಬಂತು?

ಸಿಂಗ್ಯುಲಾರಿಟಿ ಅಂದರೆ ಮೇಲ್ಮೈಯೊಂದು ನುಣುಪು ಕಳೆದುಕೊಳ್ಳುವ ಬಿಂದು. ಕ್ವಿವರ್ ಅಂದರೆ ಒಂದಿಷ್ಟು ಚುಕ್ಕಿಗಳು, ನಡುವೆ ಬಾಣಗಳು. ಪ್ರತಿ ಬಾಣಕ್ಕೂ ಒಂದು ಮ್ಯಾಟ್ರಿಕ್ಸ್ ಕೊಟ್ಟರೆ ಅದರ ರೆಪ್ರೆಸೆಂಟೇಶನ್ ಸಿಗುತ್ತದೆ. ಇವೆರಡಕ್ಕೂ ಏನು ನಂಟು? ಸೀದಾ 1972ಕ್ಕೆ ಬನ್ನಿ. ಆ ವರ್ಷ ಗಣಿತಜ್ಞ ಅರ್ನಾಲ್ಡ್ ಸರಳ ಸಿಂಗ್ಯುಲಾರಿಟಿಗಳ ಪಟ್ಟಿ ಕೊಟ್ಟರು. ಅದೇ ವರ್ಷ ಗೇಬ್ರಿಯಲ್, ಒಡೆಯಲಾಗದ (ಅಂದರೆ ಚಿಕ್ಕವುಗಳ ಜೋಡಣೆಯಾಗಿ ಬಿಡಿಸಲಾಗದ) ರೆಪ್ರೆಸೆಂಟೇಶನ್‌ಗಳು ಸೀಮಿತವಾಗಿರುವ ಕ್ವಿವರ್‌ಗಳ ಪಟ್ಟಿ ಕೊಟ್ಟರು. ಎರಡರಲ್ಲೂ ಇದ್ದದ್ದು ಎ, ಡಿ, ಇ ಎಂಬ ಡಿಂಕಿನ್ ಚಿತ್ರಗಳೇ, ಅಂದರೆ ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿದ ಕೆಲವು ನಿರ್ದಿಷ್ಟ ಚಿತ್ರಗಳು.

ಪಟ್ಟಿ ಹೊಂದಿದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ, ಅಲ್ವಾ?

ದಾರಿ ತೆರೆದದ್ದು 1980ರಲ್ಲಿ ಐಸೆನ್‌ಬಡ್. ಎಕ್ಸ್ ವರ್ಗಕ್ಕೆ ವೈ ವರ್ಗ ಕೂಡಿಸಿದರೆ ಬರುವುದನ್ನು ನೈಜ ಸಂಖ್ಯೆಗಳಲ್ಲಿ ಅಪವರ್ತಿಸಲು ಆಗುವುದಿಲ್ಲ. ಮ್ಯಾಟ್ರಿಕ್ಸ್ ಬಳಸಿದರೆ ಆಗುತ್ತದೆ. ಮೊದಲ ಸಾಲಿನಲ್ಲಿ ಎಕ್ಸ್, ವೈ. ಎರಡನೇ ಸಾಲಿನಲ್ಲಿ ವೈ, ಮೈನಸ್ ಎಕ್ಸ್ ಬರೆಯಿರಿ. ಅದನ್ನು ಅದರಿಂದಲೇ ಗುಣಿಸಿ. ಕರ್ಣದಲ್ಲಿ ಅದೇ ಮೊತ್ತ, ಉಳಿದೆಡೆ ಸೊನ್ನೆ! ಒಂದೇ ಸಮೀಕರಣದಿಂದ ಬರುವ ಸಿಂಗ್ಯುಲಾರಿಟಿಯ ಸ್ವಭಾವದ ಬಹಳಷ್ಟು ಭಾಗ ಇಂಥ ಅಪವರ್ತನಗಳಲ್ಲಿ ಅಡಗಿದೆ. ಬುಖ್‌ವೈಟ್ಸ್, ಗ್ರೋಯೆಲ್, ಶ್ರೈಯರ್ ಒಂದು ಲೇಖನದಲ್ಲಿ, ಕ್ನೋರರ್ ಇನ್ನೊಂದರಲ್ಲಿ, 1987ರಲ್ಲಿ ಇದನ್ನು ಪೂರ್ತಿ ಮಾಡಿದರು: ಒಡೆಯಲಾಗದ ಅಪವರ್ತನಗಳು ಸೀಮಿತವಾಗಿರುವುದು ಎ, ಡಿ, ಇ ಸಿಂಗ್ಯುಲಾರಿಟಿಗಳಲ್ಲಿ ಮಾತ್ರ. ಇ8 ಮೇಲ್ಮೈಗೆ, ಕ್ಷುಲ್ಲಕವಾದವನ್ನು ಬಿಟ್ಟರೆ, ಅಂಥವು ಎಂಟೇ. ಇ8 ಚಿತ್ರದಲ್ಲಿರುವ ಚುಕ್ಕಿಗಳೂ ಎಂಟು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಬುಖ್‌ವೈಟ್ಸ್ 1986ರಲ್ಲಿ ಬರೆದಿಟ್ಟ ಹಸ್ತಪ್ರತಿ. ಪ್ರತಿ ಸಿಂಗ್ಯುಲಾರಿಟಿಗೂ ಅವರು ಒಂದು ಕ್ಯಾಟಗರಿಯನ್ನು, ಅಂದರೆ ವಸ್ತುಗಳು ಮತ್ತು ಅವುಗಳ ನಡುವಿನ ಸಂಬಂಧಗಳ ಜಾಲವನ್ನು, ಜೋಡಿಸಿದರು. ಒಂದೇ ಸಮೀಕರಣದ ಸಿಂಗ್ಯುಲಾರಿಟಿಯಾದರೆ ಅದು ಆ ಅಪವರ್ತನಗಳ ಕ್ಯಾಟಗರಿಯೇ. ಬಿಂದು ನುಣುಪಾಗಿದ್ದರೆ ಅದು ಪೂರ್ತಿ ಖಾಲಿ. ಕ್ಯಾಟಗರಿಗಳು ಸಮಾನ ಅಂದರೆ ಸುಮ್ನೆ ಎಣಿಕೆ ಹೊಂದುವುದಲ್ಲ, ವಸ್ತುಗಳ ನಡುವಿನ ಎಲ್ಲ ಸಂಬಂಧಗಳೂ ಹೊಂದಬೇಕು. ವಿವರಣೆ ಅನ್ನಿಸಿಕೊಳ್ಳುವುದು ಅದೇ. ಆ ಹಸ್ತಪ್ರತಿ ಕೈಯಿಂದ ಕೈಗೆ ಓಡಾಡಿತು, ಪುಸ್ತಕವಾಗಿ ಅಚ್ಚಾದದ್ದು 2021ರಲ್ಲಿ. ಅವರು ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಬೇಗ ಅಚ್ಚಾಗಿದ್ದರೆ ಇನ್ನೆಷ್ಟೋ ಜನರಿಗೆ ಮೊದಲೇ ಸಿಗುತ್ತಿತ್ತು. 2004ರಲ್ಲಿ ಆರ್ಲೋವ್ ಸ್ಟ್ರಿಂಗ್ ಥಿಯರಿಯ ಪ್ರಶ್ನೆಗಳಿಂದ ಹೊರಟು ಅದೇ ಕ್ಯಾಟಗರಿಗೆ ಬಂದು ತಲುಪಿದರು.

2007ರಲ್ಲಿ ಕಾಜಿಉರಾ, ಸೈಟೊ, ತಕಹಾಶಿ ಕೊನೆಯ ಕೊಂಡಿ ಹಾಕಿದರು. ಚರಗಳಿಗೆ ತಕ್ಕ ತೂಕ (ಘಾತ ಎಣಿಸುವಾಗ ಹಿಡಿಯುವ ಬೆಲೆ) ಕೊಟ್ಟರೆ ಎ, ಡಿ, ಇ ಸಿಂಗ್ಯುಲಾರಿಟಿಯ ಅಪವರ್ತನಗಳ ಕ್ಯಾಟಗರಿಯೂ ಅದೇ ಹೆಸರಿನ ಕ್ವಿವರಿನ ಡಿರೈವ್ಡ್ ಕ್ಯಾಟಗರಿಯೂ (ಅದರ ರೆಪ್ರೆಸೆಂಟೇಶನ್‌ಗಳಿಂದ ಕಟ್ಟಿದ ಕ್ಯಾಟಗರಿ) ಸಮಾನ.

ಎ, ಡಿ, ಇ ಆಚೆಗೆ ದಾರಿ ಅಷ್ಟು ನೇರವಿಲ್ಲ. ಎಕ್ಸ್, ವೈ, ಝಡ್‌ಗಳ ಘನಗಳ ಮೊತ್ತ ತೆಗೆದುಕೊಳ್ಳಿ. ಮೂರಕ್ಕೂ ಒಂದೇ ತೂಕ ಕೊಟ್ಟರೆ ಸಿಗುವುದು ಎಲಿಪ್ಟಿಕ್ ಕರ್ವ್‌ನ (ಇದೇ ಘನ ಸಮೀಕರಣದಿಂದ ಬರುವ ವಕ್ರರೇಖೆಯ) ಕ್ಯಾಟಗರಿ. ಅದಕ್ಕೆ ಹೊಂದುವ ಕ್ವಿವರೇ ಇಲ್ಲ. ಮೂರರ ಘಾತವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಿಡಿದರೆ ಕ್ವಿವರ್ ಮತ್ತೆ ಸಿಗುತ್ತದೆ, ಆದರೆ ಬಾಣಗಳ ನಡುವೆ ಕೆಲವು ನಿಬಂಧನೆಗಳ ಜೊತೆಗೆ.