ಶಾಲೆಗೆ ಬೀಗ, ಹೊಲಕ್ಕೆ ಮಕ್ಕಳು: ಹತ್ತೊಂಬತ್ತು ತಿಂಗಳ ವಾದದ ಹಿನ್ನೆಲೆ

2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಾಗ, ಕಲ್ಯಾಣ ಕರ್ನಾಟಕದಲ್ಲಿ ಶಾಲೆ ಮುಚ್ಚುವುದಕ್ಕೆ ತಕರಾರು ತೆಗೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಂದು ವಾರದ ಮಟ್ಟಿಗೆ ಎಂದು ಶುರುವಾದ ಬಂದ್ ಅದು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವಿನ ಹತ್ತೊಂಬತ್ತು ತಿಂಗಳು ರಾಜ್ಯ ಒಂದೇ ಪ್ರಶ್ನೆಯನ್ನು ಜಗಿಯಿತು: ತೆರೆದರೆ ಏನಾದೀತು? ಮುಚ್ಚಿದ್ದರಿಂದ ಏನಾಗುತ್ತಿದೆ ಎಂದು ಕೇಳಿದವರು ಕಡಿಮೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮಟ್ಟಿಗೆ ಈ ಎರಡನೆಯದೇ ದೊಡ್ಡ ಪ್ರಶ್ನೆಯಾಗಿತ್ತು.

ಮೊದಲ ಜಗಳ ಪರೀಕ್ಷೆಯದು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ, ಜೂನ್ 25ರಿಂದ ಜುಲೈ 4ರವರೆಗೆ ನಡೆಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹಬ್ಬಿದ್ದೂ ಅದೇ ಜೂನ್‌ನಲ್ಲಿ. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಪಟ್ಟು ಬಿಡಲಿಲ್ಲ. ಮಾಸ್ಕ್, ಸ್ಯಾನಿಟೈಸರ್, ಥರ್ಮಲ್ ಸ್ಕ್ರೀನಿಂಗ್ ಇಟ್ಟುಕೊಂಡು ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷೆಗೆ ಕೂರಿಸಲಾಯಿತು. ಪರೀಕ್ಷೆಗೆ ತೋರಿದ ಈ ಧೈರ್ಯವನ್ನು ಸರ್ಕಾರ ಪಾಠಕ್ಕೆ ತೋರಲಿಲ್ಲ ಎಂಬುದು ನನ್ನ ಹಳೆಯ ದೂರು.

ಆನ್‌ಲೈನ್ ತರಗತಿಯ ಜಗಳ ಈ ಕಡೆಯವರಿಗೆ ಬಹುಮಟ್ಟಿಗೆ ಪರರ ಮನೆಯ ವ್ಯಾಜ್ಯ. ಚಿಕ್ಕ ತರಗತಿಗಳಿಗೆ ಸರ್ಕಾರ ಅದನ್ನು ನಿಷೇಧಿಸಿತು, ಹೈಕೋರ್ಟ್ ಜುಲೈನಲ್ಲಿ ತಡೆ ನೀಡಿತು. ಲಿಂಗಸುಗೂರು, ದೇವದುರ್ಗದ ಹಳ್ಳಿಗಳಲ್ಲಿ ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಇರುವುದು ಅಪ್ಪನ ಜೇಬಿನಲ್ಲಿ. ಅಪ್ಪ ಗುಳೆ ಹೋದರೆ ಫೋನೂ ಅವನೊಂದಿಗೆ ಬೆಂಗಳೂರಿಗೆ ಹೋಗುತ್ತದೆ. ಚಂದನ ವಾಹಿನಿಯ ಪಾಠಗಳು ಒಳ್ಳೆಯವೇ, ಆದರೆ ಪಾಠದ ವೇಳೆಗೆ ಕರೆಂಟ್ ಇರಬೇಕಲ್ಲ.

ಆ ಆಗಸ್ಟ್‌ನಲ್ಲಿ ಬಂದ 'ವಿದ್ಯಾಗಮ' ಇದ್ದುದರಲ್ಲಿ ನೆಲದ ವಾಸನೆ ಬಲ್ಲ ಯೋಜನೆ. ಮಕ್ಕಳು ಶಾಲೆಗೆ ಬರುವಂತಿಲ್ಲ, ಹಾಗಾಗಿ ಮಾಸ್ತರರೇ ಓಣಿಗೆ ಹೋಗಬೇಕು. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಎಲ್ಲವೂ ತರಗತಿಯಾದವು. 'ವಠಾರ ಶಾಲೆ' ಎಂಬ ಹೆಸರೂ ಬಿತ್ತು. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ದೊಡ್ಡದಾಗುತ್ತಲೇ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಲಾಯಿತು. ವಠಾರದಲ್ಲಿ ಪಾಠ ನಿಂತಿತು, ಆಟ ನಿಲ್ಲಲಿಲ್ಲ. ಅದೇ ಮಕ್ಕಳು ಅದೇ ಕಟ್ಟೆಯ ಮೇಲೆ ಮಾಸ್ತರರಿಲ್ಲದೆ, ಮಾಸ್ಕಿಲ್ಲದೆ ಕೂತರು.

ಕಟ್ಟೆಯ ಮೇಲೆ ಕೂತವರು ಅದೃಷ್ಟವಂತರೇ ಎನ್ನಬೇಕು. ಕೊಪ್ಪಳ, ರಾಯಚೂರಿನ ಕೆಲವು ಭಾಗಗಳಲ್ಲಿ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ಇದೆ. ಅಲ್ಲಿನ ಮುಖ್ಯ ಕೆಲಸಕ್ಕೆ 'ಕ್ರಾಸಿಂಗ್' ಎನ್ನುತ್ತಾರೆ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಹುಡುಕಿ, ಉಗುರಿನಿಂದ ದಳವನ್ನೂ ಗಂಡು ಭಾಗವನ್ನೂ ಸುಲಿದು, ನಡುವಿನ ಎಳೆಗೆ ಪೆಟ್ಟಾಗದಂತೆ ಬಿಡಬೇಕು. ಬೆಳಿಗ್ಗೆ ಗಂಡು ಗಿಡದ ಹೂ ತಂದು ಅದರ ಪರಾಗವನ್ನು ಒಂದೊಂದಕ್ಕೂ ಉಜ್ಜಬೇಕು. ಹೂ ಬಿಡುವ ವಾರಗಳಲ್ಲಿ ಒಂದು ದಿನವೂ ತಪ್ಪುವಂತಿಲ್ಲ. ಸಣ್ಣ ಬೆರಳು ಬೇಕು, ಗಿಡದಷ್ಟೇ ಎತ್ತರವಿದ್ದರೆ ಬೆನ್ನು ಬಗ್ಗಿಸುವ ಕಷ್ಟವೂ ಇಲ್ಲ. ಯಾರ ಬೆರಳು ಎಂದು ಬಿಡಿಸಿ ಹೇಳಬೇಕಿಲ್ಲ. ಈ ಕೆಲಸದಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇರುವುದು ಕೋವಿಡ್‌ಗಿಂತ ಬಹಳ ಹಿಂದಿನ ಕಥೆ. ಮೊದಲು ಶಾಲೆಯ ಹಾಜರಿ ಪುಸ್ತಕ ಒಂದಿಷ್ಟಾದರೂ ಅಡ್ಡ ನಿಲ್ಲುತ್ತಿತ್ತು. ಮಗು ಗೈರಾದರೆ ಮಾಸ್ತರರು ಮನೆಗೆ ಬಂದು ಕೇಳುತ್ತಿದ್ದರು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ, ಹದಿನಾಲ್ಕರೊಳಗಿನ ಮಕ್ಕಳು ಶಾಲೆಯ ಅವಧಿ ಮುಗಿದ ಮೇಲೆ ಇಲ್ಲವೇ ರಜೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗಬಹುದು. ಶಾಲೆಯೇ ಇಲ್ಲದ ವರ್ಷದಲ್ಲಿ ರಜೆ ಯಾವುದು, ಅವಧಿ ಯಾವುದು? ಕಾನೂನಿನ ಆ ಸಾಲಿಗೆ ಅರ್ಥವೇ ಉಳಿಯಲಿಲ್ಲ. ಹತ್ತಿ ಮುಗಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಶುರುವಾದವು. ಫೆಬ್ರುವರಿಯಲ್ಲಿ ಉಳಿದ ದೊಡ್ಡ ತರಗತಿಗಳು, ಆಮೇಲೆ ಆರರಿಂದ ಎಂಟು. ಏಪ್ರಿಲ್ ಆರಂಭದಲ್ಲಿ ಆರರಿಂದ ಒಂಬತ್ತನೇ ತರಗತಿಗೆ ಮತ್ತೆ ಬೀಗ ಬಿತ್ತು. ಏಪ್ರಿಲ್ 17ಕ್ಕೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಉಪಚುನಾವಣೆ. ಮಕ್ಕಳಿಗೆ ತರಗತಿ ಅಪಾಯ, ದೊಡ್ಡವರಿಗೆ ಪ್ರಚಾರ ಸಭೆ ಸುರಕ್ಷಿತ! ಈ ವಿವೇಕವನ್ನು ಮಸ್ಕಿಯ ಜನ ಕಣ್ಣಾರೆ ಕಂಡರು.

ಹಾಗೆಂದು ತೆರೆಯಬೇಡಿ ಎಂದವರ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಎರಡನೇ ಅಲೆಯಲ್ಲಿ ಆಮ್ಲಜನಕದ ಹಾಸಿಗೆಗಾಗಿ ಜಿಲ್ಲಾ ಕೇಂದ್ರಕ್ಕೆ ಓಡಿದ ಕುಟುಂಬ, ಮೊಮ್ಮಗ ಶಾಲೆಯಿಂದ ಸೋಂಕು ತಂದರೆ ಅಜ್ಜಿಯ ಗತಿಯೇನು ಎಂದು ಕೇಳುವುದು ಸಹಜ. ತರಗತಿಗಳು ಇಕ್ಕಟ್ಟು, ಶಿಕ್ಷಕರಿಗೆ ಲಸಿಕೆ ಪೂರ್ತಿಯಾಗಿರಲಿಲ್ಲ. ನನ್ನ ತಕರಾರಿರುವುದು ತೆರೆದ ಕ್ರಮದ ಬಗ್ಗೆ. ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಆಗಿನ ಮುಖ್ಯಸ್ಥ ಬಲರಾಂ ಭಾರ್ಗವ, ವೈರಸ್ ಚಿಕ್ಕ ಮಕ್ಕಳಲ್ಲಿ ಸುಲಭವಾಗಿ ನೆಲೆಯೂರುವುದಿಲ್ಲವಾದ್ದರಿಂದ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಲೇಸು ಎಂದರು. ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಅದೇ ವೇಳೆಯ ರಾಷ್ಟ್ರೀಯ ಸೆರೋ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಗೆ ಪ್ರತಿಕಾಯಗಳಿದ್ದವು. ಮನೆಯಲ್ಲಿದ್ದೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು.

ಕರ್ನಾಟಕ ಮೇಲಿನಿಂದಲೇ ಇಳಿಯಿತು. ಪಾಸಿಟಿವಿಟಿ, ಅಂದರೆ ಪರೀಕ್ಷೆಗೊಳಗಾದವರಲ್ಲಿ ಸೋಂಕಿತರ ಪ್ರಮಾಣ, ಶೇ 2ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳಲ್ಲಿ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೇ ತರಗತಿ ಆರಂಭವಾದವು. ಕರಾವಳಿ ಕಾಯುತ್ತಿದ್ದಾಗ ನಮ್ಮ ಬಿಸಿಲು ಜಿಲ್ಲೆಗಳಲ್ಲಿ ಗಂಟೆ ಬಾರಿಸಿತು. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಅಕ್ಷರವನ್ನೇ ಕಾಣದವರ ಸರದಿ ಎಲ್ಲರಿಗಿಂತ ಕೊನೆಗೆ. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಮೊದಲ ಬಾರಿಗೆ ತನ್ನ ಶಾಲೆಯ ಕೋಣೆಯಲ್ಲಿ ಪಾಠಕ್ಕೆ ಕೂತಾಗ ಎರಡನೇ ತರಗತಿಯಲ್ಲಿತ್ತು.

2021ರ ಡಿಸೆಂಬರ್ 1ರಿಂದ ಬಿಸಿಯೂಟದಲ್ಲಿ ಮೊಟ್ಟೆ ಬಂತು. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆಗಳಿಗೆ ಮೊದಲು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಮಠಕ್ಕೇ ಬಂದು ಮೊಟ್ಟೆ ತಿನ್ನುತ್ತೇವೆ ಎಂದು ಸವಾಲು ಹಾಕಿದಳು. ಬೀಗ ಬಿದ್ದ ತಿಂಗಳುಗಳಲ್ಲಿ ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಹೋಗಿತ್ತು. ಮನೆಗೆ ಹೋದ ಅಕ್ಕಿ ಇಡೀ ಮನೆಗೆ ಹಂಚಿಹೋಗುತ್ತದೆ. ಮಗುವಿನ ತಟ್ಟೆಗೇ ಬೀಳುವ ಊಟ ಶಾಲೆಯದು ಮಾತ್ರ. ಇಷ್ಟು ತೂಕದ ಸಂಗತಿ ತೆರೆಯಬೇಕೋ ಬೇಡವೋ ಎಂಬ ಟಿವಿ ಚರ್ಚೆಗಳಲ್ಲಿ ಎಷ್ಟು ಸಲ ಬಂದಿತ್ತು?

2022ರ ಜನವರಿಯ ಮೂರನೇ ಅಲೆಯಲ್ಲಿ ಬೆಂಗಳೂರಿನ ಶಾಲೆಗಳು ಮುಚ್ಚಿದರೂ ಉಳಿದೆಡೆ ತೀರ್ಮಾನವನ್ನು ಜಿಲ್ಲಾಡಳಿತಕ್ಕೆ ಬಿಡಲಾಯಿತು. ಇದನ್ನು 2020ರ ಅಕ್ಟೋಬರ್‌ನಲ್ಲೇ ಮಾಡಬಹುದಿತ್ತು. ಮೇ 16ರಂದು ಕಲಿಕೆಯ ನಷ್ಟ ತುಂಬುವ 'ಕಲಿಕಾ ಚೇತರಿಕೆ' ಕಾರ್ಯಕ್ರಮದೊಂದಿಗೆ ಹೊಸ ವರ್ಷ ಆರಂಭವಾಯಿತು. ಅಷ್ಟರಲ್ಲಿ ಆದ ನಷ್ಟದ ಒಂದು ಅಳತೆ, ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ ವರದಿಯಲ್ಲಿದೆ: ರಾಜ್ಯದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 19.2 ಇದ್ದವರು 2021ರ ಮಾರ್ಚ್ ಹೊತ್ತಿಗೆ ಶೇ 9.8ಕ್ಕೆ ಇಳಿದಿದ್ದರು. 2020ರಲ್ಲಿ ಒಂದನೇ ತರಗತಿಗೆ ಸೇರಿದವರು ಎಸ್ಸೆಸ್ಸೆಲ್ಸಿ ಬರೆಯುವುದು 2030ರಲ್ಲಿ. ಆ ಫಲಿತಾಂಶ ಬಂದು ಜಿಲ್ಲಾವಾರು ಪಟ್ಟಿಯ ಕೆಳತುದಿಯಲ್ಲಿ ಎಂದಿನಂತೆ ನಮ್ಮ ಹೆಸರುಗಳು ಕಾಣಿಸಿದರೆ, ನೋಟಿಸ್ ಹೋಗುವುದು ಮುಖ್ಯ ಶಿಕ್ಷಕರಿಗೆ.