ಕೆನಡಿ ಟೆಕ್ಸಾಸ್‌ಗೆ ಹೋದದ್ದು ಯಾಕೆ?

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಒಂದು ಪಾಲಿನ ದಾವೆ ಬಂದಿತ್ತು. ಮನೆಯ ಯಜಮಾನರು ಮಗಳ ಊರಿಗೆ ಹೊರಟವರು ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡಿದ್ದರು. 'ತಂಗಿ ಕರೆದಳು, ಅದಕ್ಕೇ ಹೋದರು' ಅಂತ ಮಗ. 'ನಾನು ಬರಬೇಡಿ ಅಂದಿದ್ದೆ, ಅಣ್ಣನೇ ಕಳಿಸಿದ' ಅಂತ ಮಗಳು. ಇಬ್ಬರೂ ಸುಳ್ಳು ಹೇಳುವ ಜನ ಅಲ್ಲ. ಅಪ್ಪನ ಸಾವಿನ ಹೊರೆ ತಮ್ಮ ತಲೆಗೆ ಬರುತ್ತಲ್ಲ ಅನ್ನೋ ಸಂಕಟ. ಕೊನೆಗೆ ನನಗೆ ದಾರಿ ತೋರಿಸಿದ್ದು ಯಜಮಾನರ ಕೈಚೀಲ. ಅದರಲ್ಲಿ ಜಮೀನಿನ ಪಹಣಿ ಇತ್ತು. ಮೊಮ್ಮಗಳಿಗೆ ತಗೊಂಡ ಒಂದು ಡಜನ್ ಗಾಜಿನ ಬಳೆಯೂ ಇತ್ತು. ಒಂದೂ ಒಡೆದಿರಲಿಲ್ಲ.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅವರ ಟೆಕ್ಸಾಸ್ ಪ್ರವಾಸದ ಬಗ್ಗೆ ಓದುವಾಗಲೆಲ್ಲ ನನಗೆ ಆ ಚೀಲ ನೆನಪಾಗುತ್ತದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅವರ ಹತ್ಯೆಯಾಯಿತು. ಗುಂಡು ಹೊಡೆದವರು ಯಾರು ಅನ್ನುವ ವಾದ ಎಲ್ಲರಿಗೂ ಗೊತ್ತು. ಅವರು ಅಲ್ಲಿಗೆ ಹೋದದ್ದೇ ಯಾಕೆ ಅನ್ನುವುದರಲ್ಲೂ ಹತ್ತಿರದವರ ಹೇಳಿಕೆಗಳು ಒಂದಕ್ಕೊಂದು ಕೂಡುವುದಿಲ್ಲ.

ಆಗ ಟೆಕ್ಸಾಸ್‌ನಲ್ಲಿ ಕೆನಡಿಯವರದೇ ಡೆಮಾಕ್ರಟಿಕ್ ಪಕ್ಷ ಒಳಗೊಳಗೇ ಒಡೆದಿತ್ತು. ಒಂದು ಕಡೆ ಗವರ್ನರ್ ಜಾನ್ ಕಾನಲಿ. ಇವರು ಟೆಕ್ಸಾಸ್‌ನವರೇ ಆದ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಗರಡಿಯಲ್ಲಿ ಬೆಳೆದವರು. ಇನ್ನೊಂದು ಕಡೆ ಸೆನೆಟರ್ ರಾಲ್ಫ್ ಯಾರ್ಬರೋ. 1967ರಲ್ಲಿ ವಿಲಿಯಂ ಮ್ಯಾಂಚೆಸ್ಟರ್ ಈ ಹತ್ಯೆಯ ಬಗ್ಗೆ ಬರೆದ ಪುಸ್ತಕದ ಪ್ರಕಾರ ಈ ಜಗಳ ಬಿಡಿಸಲೆಂದೇ ಕೆನಡಿ ಹೋದರು. ಅಂದರೆ ಜಾನ್ಸನ್ ತಮ್ಮ ಮನೆ ತಾವೇ ಸರಿ ಮಾಡಿಕೊಂಡಿದ್ದರೆ ಆ ಪ್ರವಾಸವೇ ಬೇಕಿರಲಿಲ್ಲ ಅಂತ ಆಯ್ತು. ಅದೇ ವರ್ಷ ನವೆಂಬರಿನಲ್ಲಿ ಕಾನಲಿ ಲೈಫ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ಜಗಳ ಬಿಡಿಸಲು ಅಲ್ಲ, ಚುನಾವಣೆಗೆ ಹಣ ಎತ್ತಲು ಕೆನಡಿಯೇ ಒತ್ತಾಯ ಮಾಡುತ್ತಿದ್ದರು, ನಾನೇ ಮುಂದೂಡುತ್ತಾ ಬಂದೆ ಅಂದರು. ಜಾನ್ಸನ್ ಕೂಡ ಆಮೇಲೆ ತಮ್ಮ ನೆನಪುಗಳಲ್ಲಿ ಹಣದ ಮಾತನ್ನೇ ಮುಂದಿಟ್ಟರು.

ಸಾಕ್ಷಿಗಳು ಹೀಗೆ ಎದುರುಬದುರಾದಾಗ ನಾನು ಮೊದಲು ನೋಡುವುದು ತಾರೀಖು. ಈ ಎಲ್ಲ ಮಾತು ಸಾವಿನ ನಂತರದ್ದು. 'ಯಾಕೆ ಹೋದರು' ಅನ್ನುವ ಪ್ರಶ್ನೆ ಅಷ್ಟರಲ್ಲಿ 'ಯಾರು ಕರೆದರು' ಅಂತ ಆಗಿಬಿಟ್ಟಿತ್ತು. ಕಾನಲಿಗಂತೂ ಅದು ಎಷ್ಟು ಭಾರವಾಗಿದ್ದಿರಬೇಕು! ಅದೇ ಕಾರಿನಲ್ಲಿ ಕೆನಡಿಯ ಮುಂದಿನ ಸೀಟಿನಲ್ಲಿ ಕೂತು, ತಾವೂ ಗುಂಡೇಟು ತಿಂದು ಬದುಕಿದವರು ಅವರು.

ಹಾಗಾಗಿ ಸಾವಿಗೆ ಮೊದಲಿನ ಸಾಕ್ಷ್ಯ ಹುಡುಕಬೇಕು. 1963ರ ಜೂನ್ 5ರಂದು ಟೆಕ್ಸಾಸ್‌ನ ಎಲ್ ಪಾಸೋದ ಕಾರ್ಟೆಜ್ ಹೋಟೆಲಿನಲ್ಲಿ ಕೆನಡಿ, ಜಾನ್ಸನ್, ಕಾನಲಿ ಮೂವರೂ ಕೂತು ಪ್ರವಾಸದ ಮಾತು ಆಡಿದ್ದರು. ಕೆನಡಿ ಕಡೆಯವರಿಗೆ ನಾಲ್ಕು ಊರುಗಳಲ್ಲಿ ದೇಣಿಗೆಯ ಊಟ ಇಡುವ ಆಸೆ. ಅಕ್ಟೋಬರ್ 4ರಂದು ಶ್ವೇತಭವನದಲ್ಲಿ ಕಾನಲಿ ಅದನ್ನು ಒಪ್ಪಲಿಲ್ಲ, ದುಡ್ಡು ವಸೂಲಿಗೆ ಬಂದ ಹಾಗೆ ಕಾಣುತ್ತದೆ ಅಂದರು. ಕೊನೆಗೆ ಉಳಿದದ್ದು ಒಂದೇ ಊಟ. ನವೆಂಬರ್ 22ರ ರಾತ್ರಿ, ಆಸ್ಟಿನ್‌ನಲ್ಲಿ, ತಟ್ಟೆಗೆ 100 ಡಾಲರ್. ಇದು ಕೆನಡಿಯ ಚೀಲದಲ್ಲಿದ್ದ ಪಹಣಿ ಅನ್ನಬಹುದು.

ಆದರೆ ಚೀಲದಲ್ಲಿ ಅದೊಂದೇ ಇರಲಿಲ್ಲ. 1960ರ ಅಧ್ಯಕ್ಷ ಚುನಾವಣೆಯಲ್ಲಿ ಟೆಕ್ಸಾಸ್ ಅವರಿಗೆ ಸಿಕ್ಕಿದ್ದು ಸುಮಾರು 46,000 ಮತಗಳ ಅಂತರದಲ್ಲಿ. ಎಲ್ ಪಾಸೋ ಮಾತುಕತೆ ಮುಗಿದು ಒಂದು ವಾರವೂ ಆಗಿರಲಿಲ್ಲ, ಜೂನ್ 11ರಂದು ಅವರು ಕಪ್ಪು ಜನರಿಗೂ ಸಮಾನ ಹಕ್ಕು ಕೊಡುವ ನಾಗರಿಕ ಹಕ್ಕುಗಳ ಮಸೂದೆ ತರುವುದಾಗಿ ಘೋಷಿಸಿದರು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಸಿಟ್ಟು ಜಾಸ್ತಿಯಾಯಿತು. ಜೂನ್ ಮೊದಲ ವಾರದಲ್ಲಿ ಹಣದ ಕೆಲಸವಾಗಿದ್ದದ್ದು ನವೆಂಬರ್ ಹೊತ್ತಿಗೆ ಮತ ಉಳಿಸಿಕೊಳ್ಳುವ ಕೆಲಸವೂ ಆಯಿತು. ಐದೂವರೆ ತಿಂಗಳು ತಯಾರಾದ ಪ್ರವಾಸಕ್ಕೆ ಒಂದೇ ಕಾರಣ ಕೇಳಿದರೆ ಸಾಕ್ಷಿ ತಡಬಡಾಯಿಸುತ್ತಾನೆ. ಪಾಟೀಸವಾಲಿನಲ್ಲಿ ನಾನು 'ಯಾವ ದಿನ?' ಅಂತ ಕೇಳುವುದು ಅದಕ್ಕೇ.

ಹಾಗಾದರೆ ಜಗಳ ಸುಳ್ಳಾ? ಇಲ್ಲ. ನವೆಂಬರ್ 21ರಂದು ಸ್ಯಾನ್ ಆಂಟೋನಿಯೊದಲ್ಲೂ ಹ್ಯೂಸ್ಟನ್‌ನಲ್ಲೂ ಯಾರ್ಬರೋ ಜಾನ್ಸನ್ ಕಾರು ಹತ್ತಲಿಲ್ಲ. ಗವರ್ನರ್ ನಿವಾಸದ ಸತ್ಕಾರಕ್ಕೆ ತಮ್ಮನ್ನು ಕರೆದಿಲ್ಲ ಅಂತ ಮುನಿಸಿಕೊಂಡಿದ್ದರು. ಪತ್ರಿಕೆಗಳು ಇದನ್ನೇ ದೊಡ್ಡದಾಗಿ ಬರೆದವು. ಅದನ್ನು ಓದಿದವರಿಗೆ ಆಮೇಲೆ ಪ್ರವಾಸದ ಕಾರಣವೇ ಜಗಳ ಅಂತ ಅನಿಸಿದ್ದು ಸಹಜ ಅಲ್ವಾ? ನನ್ನ ಪ್ರಕಾರ ಕೆನಡಿ ಹೊರಟದ್ದು ಹಣಕ್ಕೆ ಮತ್ತು ಮತಕ್ಕೆ. ಜಗಳ ಅವರಿಗೆ ದಾರಿಯಲ್ಲಿ ಎದುರಾದದ್ದು.

ಆದರೂ ಆ ಜಗಳಕ್ಕೆ ಒಂದು ಕಡೆ ನಿಜವಾದ ಪಾತ್ರವಿದೆ, ಅದು ನನ್ನನ್ನು ತುಂಬಾ ಕಾಡುತ್ತದೆ. ಡಲ್ಲಾಸ್‌ನ ಮಧ್ಯಾಹ್ನದ ಊಟ ಎಲ್ಲಿ ಅನ್ನುವುದಕ್ಕೂ ಎಳೆದಾಟ ನಡೆದಿತ್ತು. ಕೆನಡಿ ಕಡೆಯವರ ಮನಸ್ಸು ಜಾತ್ರೆ ಮೈದಾನದ ವಿಮೆನ್ಸ್ ಬಿಲ್ಡಿಂಗ್ ಮೇಲಿತ್ತು. ಕಾನಲಿ ಟ್ರೇಡ್ ಮಾರ್ಟೇ ಆಗಬೇಕೆಂದು ಹಠ ಹಿಡಿದರು. ನವೆಂಬರ್ 14ರಂದು ಶ್ವೇತಭವನ ಒಪ್ಪಿತು. ಟ್ರೇಡ್ ಮಾರ್ಟ್‌ಗೆ ಹೋಗಬೇಕಾದ್ದರಿಂದ ಕಾರುಗಳು ಮೇನ್ ಸ್ಟ್ರೀಟ್‌ನಿಂದ ಹ್ಯೂಸ್ಟನ್ ಸ್ಟ್ರೀಟ್‌ಗೆ ಹೊರಳಿ, ಅಲ್ಲಿಂದ ಎಲ್ಮ್ ಸ್ಟ್ರೀಟ್‌ಗೆ ನಿಧಾನವಾಗಿ ತಿರುಗಿದವು. ಆ ಮೂಲೆಯಲ್ಲೇ ಪುಸ್ತಕಗಳ ಗೋದಾಮು ಇತ್ತು. ಗುಂಡು ಹಾರಿದ್ದು ಅಲ್ಲಿಂದ ಅಂತ ಸರಕಾರಿ ತನಿಖೆ ಹೇಳಿತು. ಆವತ್ತು ಬೆಳಗ್ಗೆ ಜಾನ್ಸನ್ ಕಾರು ಹತ್ತುವಂತೆ ಕೆನಡಿಯೇ ಹೇಳಿ ಯಾರ್ಬರೋ ಅವರನ್ನು ಒಪ್ಪಿಸಿದ್ದರು. ಗುಂಡಿನ ಸದ್ದು ಕೇಳಿದಾಗ ಸೆನೆಟರ್ ಮತ್ತು ಉಪಾಧ್ಯಕ್ಷ ಇಬ್ಬರೂ ಒಂದೇ ಕಾರಿನಲ್ಲಿ ಕೂತಿದ್ದರು.