ಕೊಟೇಶನ್ ಮೇಲ್ ಯಾಕೆ ಸ್ಪ್ಯಾಮಿಗೆ ಬೀಳುತ್ತೆ?

ಪ್ರಶ್ನೆ: ಸರ್, ತಿಪಟೂರಲ್ಲಿ ನಮ್ಮದು ಕೊಬ್ಬರಿ ಪುಡಿ ಯೂನಿಟ್. ಡೊಮೇನ್ ತಗೊಂಡು ಕಂಪನಿ ಹೆಸರಲ್ಲೇ ಮೇಲ್ ಐಡಿ ಮಾಡ್ಸಿದೀವಿ. ಆದ್ರೂ ಹೊರಗಡೆ ಪಾರ್ಟಿಗಳಿಗೆ ರೇಟ್ ಕಳ್ಸಿದ್ರೆ ಸ್ಪ್ಯಾಮಿಗೇ ಹೋಗುತ್ತೆ, ಪ್ರತಿ ಸಲ ಫೋನ್ ಮಾಡಿ ಸ್ಪ್ಯಾಮ್ ನೋಡಿ ಅಂತ ಹೇಳೋದೇ ಆಗಿದೆ. ಸಬ್ಜೆಕ್ಟಲ್ಲಿ ಯಾವ ಪದ ಹಾಕ್ಬಾರ್ದು ಹೇಳಿ.

ಪದದ ವಿಷ್ಯ ಆಮೇಲೆ ನೋಡೋಣ, ಯಾಕಂದ್ರೆ ಈ ಪ್ರಶ್ನೆ ಕೇಳೋ ಹತ್ರಹತ್ರ ಎಲ್ಲರೂ ಅಲ್ಲಿಂದ್ಲೇ ಶುರು ಮಾಡ್ತಾರೆ, ಆಫರ್ ಅನ್ನೋದು ತೆಗೀತಾರೆ, ಫ್ರೀ ಅನ್ನೋದು ತೆಗೀತಾರೆ, ಮೇಲ್ ಮಾತ್ರ ಹೋಗೋ ಕಡೆಗೇ ಹೋಗ್ತಿರುತ್ತೆ. ನೀವು ಕಳ್ಸ್ತಿರೋದು ಮಾಮೂಲಿ ರೇಟ್ ಪಟ್ಟಿ, ಅದ್ರಲ್ಲಿ ಕೆಟ್ಟ ಪದ ಏನಿರುತ್ತೆ? ಜಿಮೇಲ್ ಮೊದ್ಲು ನೋಡೋದು ಈ ಮೇಲ್ ನಿಜವಾಗ್ಲೂ ಈ ಡೊಮೇನಿನವರೇ, ಅಂದ್ರೆ ಐಡಿಯಲ್ಲಿ @ ಆದ್ಮೇಲಿರೋ ಹೆಸರಿನವರೇ, ಕಳ್ಸಿದ್ದಾ ಅಂತ. ಮೊತ್ತ ಎಲ್ಲ ಸರಿಯಾಗಿ ಬರ್ದು ಸೈನ್ ಹಾಕದೇ ಇರೋ ಚೆಕ್ ಬ್ಯಾಂಕಿಗೆ ಕೊಟ್ಟಂಗಾಗಿದೆ ನಿಮ್ಮ ಕಥೆ.

ಇದನ್ನ ನೀವೇ ನೋಡ್ಬಹುದು. ಕಂಪನಿ ಐಡಿಯಿಂದ ನಿಮ್ಮದೇ ಯಾವ್ದಾದ್ರೂ ಜಿಮೇಲಿಗೆ ಒಂದು ಮೇಲ್ ಕಳ್ಸಿ. ಕಂಪ್ಯೂಟರಲ್ಲಿ ಓಪನ್ ಮಾಡಿ, ಮೊಬೈಲ್ ಆ್ಯಪಲ್ಲಿ ಇದು ಸಿಗಲ್ಲ, ಬಲಗಡೆ ಮೂರು ಚುಕ್ಕಿ ಒತ್ತಿದ್ರೆ 'ಶೋ ಒರಿಜಿನಲ್' ಅಂತ ಬರುತ್ತೆ. ಅದ್ರಲ್ಲಿ ಮೇಲ್ಗಡೆನೇ ಒಂದು ಪುಟ್ಟ ಟೇಬಲ್, ಕೆಳಗಿನ ಸಾಲುಗಳಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಸ್ಕ್ರೀನಲ್ಲಿ SPF, DKIM, DMARC). ಮೂರಕ್ಕೂ ಪಾಸ್ ಇರ್ಬೇಕು. ಯಾವ್ದಾದ್ರೂ ಫೇಲ್ ಇದ್ರೆ, ಅಥ್ವಾ ಆ ಸಾಲೇ ಕಾಣದಿದ್ರೆ, ರೋಗ ಅಲ್ಲೇ ಇದೆ.

ಎಸ್‌ಪಿಎಫ್ ಅಂದ್ರೆ ನಮ್ಮ ಹೆಸರಲ್ಲಿ ಮೇಲ್ ಕಳ್ಸೋಕೆ ಇಂಥಿಂಥ ಸರ್ವರಿಗೆ ಮಾತ್ರ ಪರ್ಮಿಶನ್ ಅಂತ ಡೊಮೇನಿನ ಡಿಎನ್‌ಎಸ್‌ನಲ್ಲಿ ಬರ್ದಿಡೋ ಒಂದು ಸಾಲು. ಡಿಎನ್‌ಎಸ್ ಅಂದ್ರೆ ಡೊಮೇನಿನ ವೆಬ್‌ಸೈಟ್, ಮೇಲ್ ಯಾವ ಸರ್ವರಲ್ಲಿದೆ ಅಂತ ಹೊರಗಿನವರಿಗೆ ಹೇಳೋ ಪಟ್ಟಿ. ಒಂದು ಡೊಮೇನಿಗೆ ಒಂದೇ ಇರ್ಬೇಕು. ಹಳೇ ಹೋಸ್ಟಿಂಗಿಂದು ಒಂದು, ಆಮೇಲೆ ಕಂಪನಿ ಮೇಲಿಗೆ ಅಂತ ಗೂಗಲ್ ವರ್ಕ್‌ಸ್ಪೇಸ್ ತಗೊಂಡಾಗ ಇನ್ನೊಂದು ಅಂತ ಎರಡು ಸಾಲು ಇದ್ದಂಗೇ ಬಿಟ್ಬಿಟ್ರೆ ಚೆಕ್ ಮಾಡೋ ಸರ್ವರಿಗೆ ಅದು ಎರರ್, ಎರಡೂ ಲೆಕ್ಕಕ್ಕಿಲ್ಲ. ಎರಡನ್ನೂ ಸೇರ್ಸಿ ಒಂದೇ ಸಾಲು ಮಾಡ್ಬೇಕು. ಟ್ಯಾಲಿಯಿಂದ ಹೋಗೋ ಬಿಲ್ಲು ಯಾವ ಸರ್ವರ್ ಮೂಲಕ ಹೋಗ್ತಿದೆ ಅನ್ನೋದನ್ನೂ ನೋಡ್ಕೊಳಿ, ಅದೂ ಆ ಸಾಲಲ್ಲಿ ಇರ್ಬೇಕು.

ಡಿಕಿಮ್ ಅನ್ನೋದು ಪ್ರತಿ ಮೇಲಿಗೂ ಬೀಳೋ ಡಿಜಿಟಲ್ ಸೈನ್. ಜಾಸ್ತಿ ಜನ ಎಡವೋದು ಇಲ್ಲೇ. ವರ್ಕ್‌ಸ್ಪೇಸಲ್ಲಿ ಅಡ್ಮಿನ್ ಕನ್ಸೋಲ್‌ಗೆ ಹೋಗಿ ಕೀ ಜನರೇಟ್ ಮಾಡಿ ಡಿಎನ್‌ಎಸ್‌ಗೆ ಹಾಕಿ, ಮತ್ತೆ ವಾಪಸ್ ಬಂದು 'ಸ್ಟಾರ್ಟ್ ಅಥೆಂಟಿಕೇಶನ್' ಒತ್ತಬೇಕು, ಅದನ್ನ ಒತ್ತಿಲ್ಲ ಅಂದ್ರೆ ಹಾಕಿದ್ದು ಸುಮ್ನೆ ಕೂತಿರುತ್ತೆ. ಮಜಾ ಅಂದ್ರೆ ಅದನ್ನ ಒತ್ತೋಕೆ ಮುಂಚೆನೂ ಟೇಬಲಲ್ಲಿ ಪಾಸ್ ಅಂತಾನೇ ತೋರ್ಸಬಹುದು, ಆದ್ರೆ ಪಕ್ಕದಲ್ಲಿರೋ ಡೊಮೇನ್ ಹೆಸರು ನಿಮ್ಮದಾಗಿರಲ್ಲ, ಗೂಗಲಿಂದಾಗಿರುತ್ತೆ. ಪಾಸ್ ನೋಡಿ ಸುಮ್ನಾಗ್ಬೇಡಿ, ಹೆಸರು ಓದಿ.

ಡಿಮಾರ್ಕ್ ಈ ಎರಡರ ಮೇಲೆ ಕೂರುತ್ತೆ, ಫೇಲ್ ಆದ್ರೆ ಮೇಲನ್ನ ಏನ್ಮಾಡ್ಬೇಕು ಅಂತ ಎದುರಿನವರಿಗೆ ಹೇಳೋ ಸಾಲು. ಶುರುವಲ್ಲಿ 'none', ಅಂದ್ರೆ ಏನೂ ಮಾಡ್ಬೇಡಿ, ಅಂತ ಇಡಿ, ಎಲ್ಲ ಸರಿಯಾಗಿ ಹೋಗ್ತಿದೆ ಅಂತ ಗೊತ್ತಾದ್ಮೇಲೆ ಬಿಗಿ ಮಾಡಿ.

ಇಷ್ಟಕ್ಕೂ ಬೇಕಾಗಿರೋದು ಡಿಎನ್‌ಎಸ್ ಪಾಸ್‌ವರ್ಡ್, ಅದು ವೆಬ್‌ಸೈಟ್ ಮಾಡ್ಕೊಟ್ಟ ಹುಡುಗನ ಹತ್ರ ಇರುತ್ತೆ, ಅವ್ನು ಫೋನ್ ಎತ್ತಲ್ಲ. ಮೊದ್ಲು ಅದನ್ನ ಇಸ್ಕೊಳಿ. ಡೊಮೇನ್ ಅವ್ನ ಹೆಸರಲ್ಲಿ ರಿಜಿಸ್ಟರ್ ಆಗಿದ್ಯೋ ನಿಮ್ಮ ಹೆಸರಲ್ಲೋ ಅದನ್ನೂ ಕೇಳಿ.

2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ರೂಲ್ಸ್ ಟೈಟ್ ಮಾಡಿದಾರೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಜಿಮೇಲಿಗೆ ಕಳ್ಸೋರಿಗೆ ಈ ಮೂರೂ ಕಡ್ಡಾಯ, ಪ್ರಚಾರದ ಮೇಲ್ ಆದ್ರೆ ಒಂದೇ ಕ್ಲಿಕ್ಕಲ್ಲಿ ಅನ್‌ಸಬ್‌ಸ್ಕ್ರೈಬ್ ಬೇರೆ ಕೊಡ್ಬೇಕು. ನೀವು ಅಷ್ಟು ಕಳ್ಸಲ್ಲ, ನಿಮ್ಮಂಥೋರಿಗೆ ಎಸ್‌ಪಿಎಫ್ ಅಥ್ವಾ ಡಿಕಿಮ್ ಒಂದಾದ್ರೂ ಇರ್ಲೇಬೇಕು ಅಂತ ರೂಲ್. ಮೂರೂ ಹಾಕ್ಸ್ಬಿಡಿ, ದುಡ್ಡೇನೂ ಖರ್ಚಾಗಲ್ಲ.

ಮೂರೂ ಪಾಸ್ ಆದ್ಮೇಲೂ ಸ್ಪ್ಯಾಮಿಗೇ ಹೋದ್ರೆ ಆಗ ನಿಮ್ಮ ಲಿಸ್ಟ್ ನೋಡ್ಕೊಬೇಕು. ಎಲ್ಲೋ ದುಡ್ಡು ಕೊಟ್ಟು ತಗೊಂಡ ಎಕ್ಸೆಲ್ ಶೀಟಲ್ಲಿರೋ ಐಡಿಗಳಿಗೆಲ್ಲ ಬಿಸಿಸಿ ಹಾಕಿ ಒಂದೇ ಸಲ ಕಳ್ಸಿದ್ರೆ ಅದ್ರಲ್ಲಿ ಅರ್ಧ ಸತ್ತಿರೋ ಐಡಿ, ಉಳ್ದೋರು ನೀವು ಯಾರು ಅಂತಾನೇ ಗೊತ್ತಿಲ್ದೆ ಸ್ಪ್ಯಾಮ್ ಬಟನ್ ಒತ್ತುತಾರೆ. ಗೂಗಲ್ ಹೇಳೋದು ಈ ಕಂಪ್ಲೇಂಟ್ 0.1%ಗಿಂತ ಕೆಳಗಿರ್ಲಿ, 0.3% ಮುಟ್ಲೇಬಾರ್ದು ಅಂತ. ಅಂದ್ರೆ ಸಾವಿರ ಮೇಲಲ್ಲಿ ಮೂರು ಜನ ಒತ್ತಿದ್ರೆ ಸಾಕು. ಆಮೇಲೆ ಹಳೇ ಪಾರ್ಟಿಗೆ ಕಳ್ಸೋ ಬಿಲ್ಲಿಗೂ ಅದೇ ಗತಿ.

ಪದದ ಬಗ್ಗೆ ಹೇಳೋದಾದ್ರೆ, ಸಬ್ಜೆಕ್ಟಲ್ಲಿ 'ಅರ್ಜೆಂಟ್' ಅಂತ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಕೂಗ್ಬೇಡಿ, ಶಾರ್ಟ್ ಮಾಡಿದ ಲಿಂಕ್ ಹಾಕ್ಬೇಡಿ, ರೇಟೆಲ್ಲ ಒಂದು ಫೋಟೋ ಮಾಡಿ ಬರೀ ಫೋಟೋ ಅಂಟ್ಸಿ ಕಳ್ಸ್ಬೇಡಿ, ಎರಡು ಸಾಲು ಬರ್ದು ಪಿಡಿಎಫ್ ಹಾಕಿ. ಅಷ್ಟೇ.

ಸರಿ ಮಾಡಿದ ದಿನಾನೇ ಇನ್‌ಬಾಕ್ಸಿಗೆ ಬರುತ್ತೆ ಅಂತ ಕಾಯ್ಬೇಡಿ, ಹಳೇ ಕೆಟ್ಟ ಹೆಸರು ಹೋಗೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ. ಅಲ್ಲೀವರ್ಗೂ ಹೇಗೂ ಪಾರ್ಟಿಗಳಿಗೆ ಫೋನ್ ಮಾಡ್ತೀರಲ್ಲ, ಸ್ಪ್ಯಾಮ್ ನೋಡಿ ಅನ್ನೋ ಬದ್ಲು 'ನಾಟ್ ಸ್ಪ್ಯಾಮ್' ಒತ್ತಿ, ಒಂದು ಓಕೆ ಅಂತ ರಿಪ್ಲೈ ಹಾಕಿ ಅಂತ ಹೇಳಿ.